ನಮ್ಮ ಬಾಗಿಲಿಗೆ ಬಂದ ಮಾತು, ಬಾರದ ಮಾತು

ನಾವು ಕ್ಯಾಲಿಫೋರ್ನಿಯಾದಲ್ಲಿ ಕಳೆದ ಒಂಬತ್ತು ವರ್ಷಗಳಲ್ಲಿ ಎರಡು ಅಧ್ಯಕ್ಷೀಯ ಚುನಾವಣೆಗಳು ಬಂದುಹೋದವು. ಅಧ್ಯಕ್ಷ ಸ್ಥಾನದ ಅಭ್ಯರ್ಥಿಯ ಪರವಾಗಿ ಒಬ್ಬ ಕಾರ್ಯಕರ್ತನೂ ನಮ್ಮ ಮನೆಯ ಕದ ತಟ್ಟಲಿಲ್ಲ. 2019ರಲ್ಲಿ ಕೆಲಸದ ನಿಮಿತ್ತ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದೆವು. 2024ರ ಚುನಾವಣೆ ಹತ್ತಿರವಾದಂತೆ ಇಲ್ಲಿನ ನಮ್ಮ ಅಂಚೆಪೆಟ್ಟಿಗೆ ದಿನವೂ ಹೊಳಪು ಕಾಗದದ ಕರಪತ್ರಗಳಿಂದ ತುಂಬತೊಡಗಿತು, ಟಿ.ವಿ.ಯಲ್ಲಿ ಸ್ಥಳೀಯ ಸುದ್ದಿಯ ನಡುವೆ ಚುನಾವಣಾ ಜಾಹೀರಾತಲ್ಲದೆ ಬೇರೇನೂ ಕಾಣದಂತಾಯಿತು, ಶನಿವಾರ ಭಾನುವಾರಗಳಲ್ಲಿ ಎರಡೂ ಪಕ್ಷಗಳವರು ಸರದಿಯ ಮೇಲೆ ಬಾಗಿಲಿಗೆ ಬಂದರು. ನನ್ನ ರಾಜಕೀಯ ಒಲವು ಬದಲಾಗಿರಲಿಲ್ಲ, ನನ್ನ ಮತದ ಸಂಖ್ಯೆಯೂ ಒಂದಕ್ಕಿಂತ ಹೆಚ್ಚಾಗಿರಲಿಲ್ಲ. ಬದಲಾದದ್ದು ವಿಳಾಸ ಮಾತ್ರ.

ಅಮೆರಿಕದ ಅಧ್ಯಕ್ಷರನ್ನು ಆರಿಸುವುದು 538 ಪ್ರತಿನಿಧಿಗಳ ಮತದಾರ ಮಂಡಳಿ. ಅದರಲ್ಲಿ 270 ಪಡೆದವರು ಗೆದ್ದಂತೆ. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದ ರಾಜ್ಯಗಳಲ್ಲಿ ಒಂದೇ ಒಂದು ಮತ ಹೆಚ್ಚು ಬಂದವರಿಗೂ ಆ ರಾಜ್ಯದ ಅಷ್ಟೂ ಪ್ರತಿನಿಧಿಗಳು ಸಲ್ಲುತ್ತಾರೆ. ಕ್ಯಾಲಿಫೋರ್ನಿಯಾದ 54 ಯಾರಿಗೆ ಎಂಬುದು ಮೊದಲೇ ಗೊತ್ತಿರುವುದರಿಂದ ಅಲ್ಲಿ ಮತ ಕೇಳುವುದು ಹಣ ಮತ್ತು ಸಮಯದ ದಂಡ. ಪೆನ್ಸಿಲ್ವೇನಿಯಾದ 19 ಯಾರಿಗೆ ಎಂಬುದು ಗೊತ್ತಿಲ್ಲದಿರುವುದರಿಂದ ಇಲ್ಲಿ ಒಂದೊಂದು ಮನೆಯೂ ಬೇಕು. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳು ಅಧಿಕವಾಗಿ ಬಂದಿದ್ದವು. ಆದರೂ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರೂ ಸೇರಿ 80 ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಅವರು ಅಧ್ಯಕ್ಷ ಪದವಿಯನ್ನು ಕಳೆದುಕೊಂಡರು. ಪಕ್ಷದ ಅಧಿಕೃತ ಅಭ್ಯರ್ಥಿಯಾದ ಮೇಲೆ ಅವರು ವಿಸ್ಕಾನ್ಸಿನ್‌ಗೆ ಒಮ್ಮೆಯೂ ಹೋಗಿರಲಿಲ್ಲ. ಆ ಸೋಲನ್ನು ಮರೆಯದ ಪ್ರಚಾರ ತಂಡಗಳು ಅನಂತರ ಈ ಮೂರು ರಾಜ್ಯಗಳಲ್ಲಿ ಬೀಡುಬಿಟ್ಟದ್ದು ಸಹಜವೇ. ಯಾರೊಡನೆ ಮಾತನಾಡಬಾರದು ಎಂಬ ತೀರ್ಮಾನ ಇಲ್ಲಿ ಪ್ರಚಾರದ ಮೊದಲ ತೀರ್ಮಾನ, ಮತ್ತು ಏನು ಮಾತನಾಡಬೇಕು ಎಂಬುದು ಅದರ ಹಿಂದೆಯೇ ನಿಶ್ಚಯವಾಗುತ್ತದೆ ಎಂಬುದು ನನ್ನ ಅನಿಸಿಕೆ.

ಕರ್ನಾಟಕದ 2023ರ ವಿಧಾನಸಭಾ ಚುನಾವಣೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡುತ್ತೇನೆ. ರಾಜ್ಯವೊಂದರ ವಿಧಾನಸಭೆಗೂ ದೇಶವೊಂದರ ಅಧ್ಯಕ್ಷ ಪದವಿಗೂ ಅಳತೆಯಲ್ಲಿ ಹೋಲಿಕೆಯಿಲ್ಲ ಎಂಬುದನ್ನು ಬಲ್ಲೆ. ನಾನು ನೋಡುತ್ತಿರುವುದು ಮಾತು ಯಾರನ್ನು ತಲುಪುತ್ತದೆ ಎಂಬುದನ್ನು ಮಾತ್ರ. 224 ಕ್ಷೇತ್ರಗಳಲ್ಲಿ ಪ್ರತಿಯೊಂದಕ್ಕೂ ಒಂದೇ ತೂಕ. ಒಂದು ಕ್ಷೇತ್ರ ಭದ್ರಕೋಟೆ ಎಂದು ಹೆಸರಾಗಿದ್ದರೂ ಅಲ್ಲಿಯ ಅಭ್ಯರ್ಥಿಗೆ ಅದೇ ಅವನ ಇಡೀ ಚುನಾವಣೆಯಾದ್ದರಿಂದ ಕೈಮುಗಿದುಕೊಂಡು ಬೀದಿ ಬೀದಿ ಸುತ್ತದೆ ಗತ್ಯಂತರವಿಲ್ಲ. ಆ ವರ್ಷ ಕಾಂಗ್ರೆಸ್ ಪಕ್ಷ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ಸಹಿಯುಳ್ಳ ಗ್ಯಾರಂಟಿ ಕಾರ್ಡುಗಳನ್ನು ಮನೆಮನೆಗೆ ಹಂಚಿತು. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ಮನೆಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್, ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಎಂಬ ಭರವಸೆಗಳನ್ನು ಒಬ್ಬ ಗೃಹಿಣಿ ತನ್ನ ತಿಂಗಳ ಖರ್ಚಿನ ಲೆಕ್ಕದಲ್ಲಿ ತಾನೇ ಕೂಡಿ ಕಳೆದು ನೋಡಬಹುದಾಗಿತ್ತು. ಬೊಕ್ಕಸಕ್ಕೆ ಅದು ಎಷ್ಟು ಭಾರ ಎಂಬ ವಾದ ಬೇರೆ. ಆ ವಾದವೂ ನ್ಯಾಯವಾದದ್ದೇ. ಆದರೆ ಬೀದರಿನ ಮನೆಗೆ ಹೋದ ಕಾರ್ಡೂ ಚಾಮರಾಜನಗರದ ಮನೆಗೆ ಹೋದ ಕಾರ್ಡೂ ಒಂದೇ ಆಗಿತ್ತು. ನಾಳೆ ಆ ಮಾತು ತಪ್ಪಿದರೆ ತೋರಿಸಿ ಕೇಳಲು ಇಬ್ಬರ ಕೈಯಲ್ಲಿಯೂ ಕಾಗದವಿತ್ತು.

ಇಲ್ಲಿ ಅಂಥ ಭರವಸೆ ಹುಟ್ಟುವ ಬಗೆ ಬೇರೆ. 2024ರ ಜೂನ್‌ನಲ್ಲಿ ಡೊನಾಲ್ಡ್ ಟ್ರಂಪ್ ಲಾಸ್ ವೇಗಸ್‌ನ ಸಭೆಯೊಂದರಲ್ಲಿ, ಗ್ರಾಹಕರು ಕೊಡುವ ಟಿಪ್ಸ್ ಮೇಲಿನ ತೆರಿಗೆಯನ್ನು ತೆಗೆದುಹಾಕುವುದಾಗಿ ಹೇಳಿದರು. ಆಗಸ್ಟ್‌ನಲ್ಲಿ ಕಮಲಾ ಹ್ಯಾರಿಸ್ ಅದೇ ಊರಿಗೆ ಬಂದು ಅದೇ ಭರವಸೆಯನ್ನು ಕೊಟ್ಟರು. ಹೋಟೆಲು ಮತ್ತು ಕ್ಯಾಸಿನೋಗಳ ಕೆಲಸಗಾರರೇ ತುಂಬಿರುವ ಆ ಊರು ನೆವಾಡಾದಲ್ಲಿದೆ, ಮತ್ತು ನೆವಾಡಾದ ಆರು ಪ್ರತಿನಿಧಿಗಳು ಯಾರ ಕಡೆಗೆ ಎಂಬುದು ಆಗ ಅನಿಶ್ಚಿತವಾಗಿತ್ತು. ನಮ್ಮ ಪೆನ್ಸಿಲ್ವೇನಿಯಾದಲ್ಲಿಯೂ ಹೀಗೆಯೇ ನಡೆಯಿತು. ಬಂಡೆಯ ಪದರಗಳನ್ನು ಒಡೆದು ನೈಸರ್ಗಿಕ ಅನಿಲ ತೆಗೆಯುವ ಉದ್ಯಮ ಈ ರಾಜ್ಯದಲ್ಲಿ ದೊಡ್ಡದು. 2019ರಲ್ಲಿ ಆ ಗಣಿಗಾರಿಕೆಯನ್ನು ನಿಷೇಧಿಸಬೇಕು ಎಂದಿದ್ದ ಹ್ಯಾರಿಸ್, 2024ರಲ್ಲಿ ನಿಷೇಧಿಸುವುದಿಲ್ಲ ಎಂದರು. ಪಿಟ್ಸ್‌ಬರ್ಗ್‌ನ ಯು.ಎಸ್. ಸ್ಟೀಲ್ ಕಂಪನಿಯನ್ನು ಜಪಾನಿನ ನಿಪ್ಪಾನ್ ಸ್ಟೀಲ್ ಕೊಳ್ಳಹೊರಟಾಗ, ಮಿಕ್ಕೆಲ್ಲ ವಿಷಯಗಳಲ್ಲಿ ಎದುರುಬದುರಾಗಿದ್ದ ಇಬ್ಬರು ಅಭ್ಯರ್ಥಿಗಳೂ ಒಂದೇ ದನಿಯಲ್ಲಿ ವಿರೋಧಿಸಿದರು. ಆ ಕಾರ್ಖಾನೆ ಪಶ್ಚಿಮ ತೀರದಲ್ಲಿದ್ದಿದ್ದರೆ ಇಬ್ಬರಿಗೂ ಅದರ ಮೇಲೆ ಇಷ್ಟು ಕಾಳಜಿ ಇರುತ್ತಿತ್ತೆಂದು ನಂಬುವುದು ನನಗೆ ಕಷ್ಟ.

ಮಾತಿನ ಕಟ್ಟಡದ ವಿಷಯಕ್ಕೆ ಬಂದರೆ, 1980ರ ಅಕ್ಟೋಬರ್ 28ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರೊಡನೆ ನಡೆದ ಚರ್ಚೆಯ ಕೊನೆಯಲ್ಲಿ ಎದುರಾಳಿ ರೊನಾಲ್ಡ್ ರೇಗನ್ ಕೇಳಿದ ಪ್ರಶ್ನೆಗಿಂತ ಸಮರ್ಥವಾದುದನ್ನು ನಾನು ಕಂಡಿಲ್ಲ. ನಾಲ್ಕು ವರ್ಷಗಳ ಹಿಂದೆ ಇದ್ದುದಕ್ಕಿಂತ ಇಂದು ನೀವು ಚೆನ್ನಾಗಿದ್ದೀರಾ ಎಂದು ಅವರು ಮತದಾರರನ್ನು ಕೇಳಿದರು. ಉತ್ತರವನ್ನು ಅಭ್ಯರ್ಥಿ ಹೇಳಬೇಕಾಗಿಲ್ಲ; ಮತದಾರ ತನ್ನ ಜೇಬನ್ನು ಮುಟ್ಟಿ ನೋಡಿಕೊಂಡು ತಾನೇ ಹೇಳಿಕೊಳ್ಳುತ್ತಾನೆ. 2022ರ ಜೂನ್‌ನಲ್ಲಿ ಶೇ. 9.1ಕ್ಕೆ ಏರಿದ್ದ ಹಣದುಬ್ಬರ 2024ರ ಹೊತ್ತಿಗೆ ಇಳಿದಿತ್ತು, ಆದರೆ ಏರಿದ ಬೆಲೆಗಳು ಇಳಿದಿರಲಿಲ್ಲ, ಮತ್ತು ಟ್ರಂಪ್ ರೇಗನ್ನರ ಪ್ರಶ್ನೆಯನ್ನೇ ಸಭೆಯಿಂದ ಸಭೆಗೆ ಕೇಳುತ್ತ ಹೋದರು. ಹ್ಯಾರಿಸ್ ತಮ್ಮ ಸಮಾರೋಪ ಭಾಷಣಕ್ಕೆ ಆರಿಸಿಕೊಂಡದ್ದು ಶ್ವೇತಭವನದ ಬಳಿಯ ಎಲಿಪ್ಸ್ ಮೈದಾನವನ್ನು, 2021ರ ಜನವರಿ 6ರಂದು ಸಂಸತ್ ಭವನಕ್ಕೆ ಜನ ನುಗ್ಗುವ ಮುನ್ನ ಟ್ರಂಪ್ ಮಾತನಾಡಿದ್ದ ಜಾಗವನ್ನು. ಪ್ರಜಾಪ್ರಭುತ್ವಕ್ಕೆ ಒದಗಿದ ಅಪಾಯ ನನ್ನನ್ನು ಕಲಕಿದ ವಿಷಯ, ಇಂದಿಗೂ ಕಲಕುತ್ತದೆ. ಆದರೂ ಹೇಳಲೇಬೇಕು: ತಿಂಗಳ ದಿನಸಿಯ ಚೀಟಿ ಹಿಡಿದು ನಿಂತವರಿಗೆ ಆ ಮಾತು ತಮ್ಮನ್ನು ಕುರಿತದ್ದು ಎನಿಸಲಿಲ್ಲ. ಅಭ್ಯರ್ಥಿಯೊಬ್ಬರು ಎದುರಾಳಿಯ ಗುಣದೋಷಗಳನ್ನು ಎಷ್ಟು ಸತ್ಯವಾಗಿ ವಿವರಿಸಿದರೂ ಕೇಳುವವರ ಬದುಕು ಆ ವಿವರಣೆಯ ಹೊರಗೇ ಉಳಿದುಬಿಡಬಹುದು.

ಹಣ ಈ ಕೊರತೆಯನ್ನು ತುಂಬಲಾರದು. ಹ್ಯಾರಿಸ್ ಅವರ ಪ್ರಚಾರಕ್ಕೆ ನೂರು ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹವಾಗಿತ್ತು, ಆದರೂ ಅವರು ಸೋತರು.

ಬಾಗಿಲಿಗೆ ಬರುವ ಮನುಷ್ಯನ ಮಾತಿಗೆ ಬೇರೆಯೇ ಬೆಲೆಯಿದೆ. 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ನಡೆಸಿದ ಪ್ರಯೋಗದಲ್ಲಿ, ಎದುರಿಗೆ ನಿಂತು ಕೇಳಿಕೊಂಡಾಗ ಮತದಾನ ಗಮನಾರ್ಹವಾಗಿ ಹೆಚ್ಚಿತು, ದೂರವಾಣಿ ಕರೆಯಿಂದ ಹೆಚ್ಚಲಿಲ್ಲ. ನಮ್ಮ ಬೂತ್ ಮಟ್ಟದ ಕಾರ್ಯಕರ್ತರು, ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ನೇಮಕವಾಗುವ ಪೇಜ್ ಪ್ರಮುಖರು ಇದನ್ನು ಪ್ರಯೋಗವಿಲ್ಲದೆಯೇ ಬಲ್ಲರು. ಆದರೆ ಇಲ್ಲಿ ಬಾಗಿಲಿಗೆ ಬಂದ ಕಾರ್ಯಕರ್ತೆಯೊಬ್ಬರ ಕೈಯಲ್ಲಿದ್ದ ಫೋನಿನಲ್ಲಿ ನನ್ನ ಹೆಸರು, ವಯಸ್ಸು, ನಾನು ಯಾವ ಪಕ್ಷಕ್ಕೆ ನೋಂದಾಯಿಸಿದ್ದೇನೆ, ಹಿಂದಿನ ಯಾವ ಚುನಾವಣೆಗಳಲ್ಲಿ ಮತ ಹಾಕಿದ್ದೇನೆ ಎಂಬುದೆಲ್ಲ ಇತ್ತು. ಪೆನ್ಸಿಲ್ವೇನಿಯಾದಲ್ಲಿ ಈ ವಿವರಗಳು ಸಾರ್ವಜನಿಕ ಪಟ್ಟಿಯಲ್ಲಿಯೇ ಸಿಗುತ್ತವೆ. ಆಕೆ ನಮ್ಮ ಮನೆಯಿಂದ ಹೊರಟು, ನಡುವೆ ಎರಡು ಮನೆಗಳನ್ನು ಬಿಟ್ಟು, ಮೂರನೆಯದರ ಕರೆಗಂಟೆ ಒತ್ತಿದರು. ಬಿಟ್ಟ ಮನೆಗಳವರ ನಿಲುವು ಗಟ್ಟಿ ಎಂದು ಪಟ್ಟಿ ಹೇಳಿರಬೇಕು. ನಮ್ಮೂರಿನಲ್ಲಿ ಜಾತಿಯ ಲೆಕ್ಕ ಹಿಡಿದು ಒಂದು ಕೇರಿಗೆ ಹೋಗಿ ಇನ್ನೊಂದು ಕೇರಿಯನ್ನು ದಾಟಿಹೋಗುವವರನ್ನು ಕಂಡಿದ್ದೇನೆ. ಆ ದೋಷವನ್ನು ನಾನು ಮುಚ್ಚಿಡುವುದಿಲ್ಲ. ಅಲ್ಲಿ ಅದು ಮನುಷ್ಯರ ಬಾಯಲ್ಲಿ ಇರುತ್ತದೆ, ಇಲ್ಲಿ ಅದೇ ಕೆಲಸವನ್ನು ಪಟ್ಟಿ ಮಾಡುತ್ತದೆ.

ಇನ್ನೊಂದು ವಿಷಯದಲ್ಲಿ ನಮ್ಮ ಕ್ರಮವೇ ನನಗೆ ಹಿಡಿಸುತ್ತದೆ. ಭಾರತದಲ್ಲಿ ಮತದಾನ ಮುಗಿಯುವ 48 ಗಂಟೆಗಳ ಮುನ್ನ ಬಹಿರಂಗ ಪ್ರಚಾರ ನಿಲ್ಲಬೇಕು. ಧ್ವನಿವರ್ಧಕ ಅಡಗಿದ ಮೇಲೆ ಮನೆಯವರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳಲು ಎರಡು ದಿನ ಸಿಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಅಂಚೆ ಮತದಾನ ಎಲ್ಲರಿಗೂ ತೆರೆದಿರುವುದರಿಂದ ನನ್ನ ಮತಪತ್ರ ಅಕ್ಟೋಬರ್‌ನಲ್ಲಿಯೇ ಹೋಗಿತ್ತು, ಜಾಹೀರಾತುಗಳು ಮಾತ್ರ ನವೆಂಬರ್ 5ರ ಸಂಜೆಯವರೆಗೂ ಬರುತ್ತಲೇ ಇದ್ದವು.

ನೆವಾಡಾದಲ್ಲಿ ಟ್ರಂಪ್ ಗೆದ್ದರು. 2004ರ ನಂತರ ಅಲ್ಲಿ ಗೆದ್ದ ಮೊದಲ ರಿಪಬ್ಲಿಕನ್ ಅವರು. 2025ರ ಜುಲೈ 4ರಂದು ಅವರು ಸಹಿ ಹಾಕಿದ ತೆರಿಗೆ ಕಾಯ್ದೆಯಲ್ಲಿ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್‌ಗೆ ಆದಾಯ ತೆರಿಗೆ ವಿನಾಯಿತಿ ಸೇರಿಕೊಂಡಿತು. ಹೋಟೆಲಿನ ಕೆಲಸಗಾರರಿಗೆ ಅದು ಸಲ್ಲಲೇಬೇಕಾದದ್ದು ಎಂದೇ ನಾನು ತಿಳಿದಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ಫ್ರೆಸ್ನೊ ಸುತ್ತಲಿನ ದ್ರಾಕ್ಷಿ, ಬಾದಾಮಿ ತೋಟಗಳಲ್ಲಿ ದುಡಿಯುವವರಿಗೆ ಯಾರೂ ಟಿಪ್ಸ್ ಕೊಡುವುದಿಲ್ಲ. ಅವರಲ್ಲಿಯೂ ಮತದಾನದ ಹಕ್ಕುಳ್ಳವರು ಇದ್ದಾರೆ, ಆದರೆ ಅವರ ಕೂಲಿಯ ಬಗ್ಗೆ ಅಂಥ ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡು ಅವರ ಬಳಿಗೆ ಬರಬೇಕಾದ ಅಗತ್ಯ ಎರಡೂ ಪಕ್ಷಗಳಿಗೆ ಇರಲಿಲ್ಲ.