ಕಾರ್ಡ್ ತೊಯ್ದರೆ ಲಸಿಕೆ ಮೊದಲಿಂದ ಹಾಕಿಸಬೇಕಿಲ್ಲ

‘ನೆರೆಯಲ್ಲಿ ತಾಯಿ ಕಾರ್ಡ್ ಹೋದರೆ ಮಗುವಿಗೆ ಎಲ್ಲ ಲಸಿಕೆ ಮತ್ತೆ ಮೊದಲಿಂದ’ ಎಂಬ ಸಂದೇಶ ಕಾರವಾರ, ಅಂಕೋಲಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮಗುವಿನ ಲಸಿಕೆ ಬರೆದಿಡುವ ಈ ಕಾರ್ಡ್ ನಿಮ್ಮ ಕೈಲಿರುವ ಪ್ರತಿ ಅಷ್ಟೇ. ಮಕ್ಕಳ, ಗರ್ಭಿಣಿಯರ ಲಸಿಕೆ ದಾಖಲಿಸುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಯು-ವಿನ್‌ನಲ್ಲಿ ಮಗುವಿನ ಹೆಸರು ನೋಂದಾಯಿಸಿದ್ದರೆ, ಯಾವ ಡೋಸ್ ಯಾವತ್ತು ಬಿತ್ತು ಎಂಬುದು ಅಲ್ಲಿರುತ್ತದೆ. ನೋಂದಾಯಿಸುವಾಗ ಕೊಟ್ಟ ಮೊಬೈಲ್ ನಂಬರಿಗೆ ಬರುವ ಒಟಿಪಿ ಹಾಕಿ ನೋಡಬಹುದು. ಕದ್ರಾ ಡ್ಯಾಂ ನೀರು ಬಿಟ್ಟಾಗ ಕಾಳಿ ನದಿ ದಂಡೆಯವರು ಬೇರೆ ಊರಿನ ಕಾಳಜಿ ಕೇಂದ್ರಕ್ಕೆ ಹೋಗಬೇಕಾಗುತ್ತದಲ್ವಾ? ಅಲ್ಲಿನ ಆರೋಗ್ಯ ಸಿಬ್ಬಂದಿಯೂ ಈ ದಾಖಲೆ ನೋಡಿ ಬಾಕಿ ಡೋಸ್ ಹಾಕಬಹುದು. ಅದಕ್ಕೇ ಇಂಥ ದಾಖಲೆ ಮಾಮೂಲಿ ದಿನಕ್ಕಿಂತ ನೆರೆಯ ಹೊತ್ತಿನಲ್ಲೇ ಜಾಸ್ತಿ ಉಪಯೋಗ.

ಆದರೆ 2021ರ ಕೋ-ವಿನ್ ಬೇರೆ, ಅದು ಕೋವಿಡ್ ಲಸಿಕೆಗೆ. ಯು-ವಿನ್ ಪ್ರಯೋಗವಾಗಿ ಶುರುವಾಗಿದ್ದೇ 2023ರಲ್ಲಿ. ಹಾಗಾಗಿ ಸ್ವಲ್ಪ ದೊಡ್ಡ ಮಕ್ಕಳ ಹಳೇ ಡೋಸ್ ಅದರಲ್ಲಿ ಕಾಣದಿರಬಹುದು. ಗಾಬರಿ ಬೇಡ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಉಪಕೇಂದ್ರದ ರಿಜಿಸ್ಟರನ್ನೋ ವಿಚಾರಿಸಿ.

ಡೋಸ್ ತಡವಾದರೂ ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ಆದರೆ ದಡಾರ ಹರಡುವ ಭಯವಿದ್ದಾಗ ಮೊದಲು ಹಾಕಿಸಿದ್ದರೂ ಇನ್ನೊಂದು ಡೋಸ್ ಕೊಡುವುದುಂಟು. ಅದರಿಂದ ತೊಂದರೆಯಿಲ್ಲ.