ಎಷ್ಟು ಅಡಿ ಅಂತ ಕೇಳಬೇಡಿ, ಯಾವ ಕಡೆಯಿಂದ ಹತ್ತಿದ್ರಿ ಅಂತ ಕೇಳಿ

ಕೆಂಪು ಬಂಡೆಗಳ ಫೋಟೊ ಹಾಕಿದಾಗಲೆಲ್ಲ ಕಾಮೆಂಟಿನಲ್ಲಿ ಬರೋದು ಒಂದೇ ಪ್ರಶ್ನೆ. "ಎಷ್ಟು ಅಡಿ ಎತ್ತರ?" ಐದು ಸಾವಿರ ಅಡಿಯೂ ಇಲ್ಲ ಅಂದರೆ ನಗುವ ಎಮೋಜಿ ಬೀಳುತ್ತದೆ. ಅಷ್ಟಕ್ಕೇ ಇಷ್ಟೊಂದು ಬಿಲ್ಡಪ್ಪಾ ಅಂತ ಅದರ ಅರ್ಥ. ಒಬ್ಬೊಬ್ಬರಿಗೂ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಸ್ವಲ್ಪ ಉದ್ದವಾದರೂ ಪರವಾಗಿಲ್ಲ, ಒಂದೇ ಸಲ ಬರೆದುಬಿಡುತ್ತೇನೆ.

ಅಮೆರಿಕದ ನೆವಾಡದಲ್ಲಿ ಲಾಸ್ ವೇಗಸ್ ಪಕ್ಕದಲ್ಲೇ ಎರಡು ಥರದ ಬೆಟ್ಟಗಳಿವೆ. ವಾಯವ್ಯಕ್ಕೆ ಹೋದರೆ ಮೌಂಟ್ ಚಾರ್ಲ್ಸ್‌ಟನ್, 11,916 ಅಡಿ. ತುದಿಯವರೆಗೂ ಚೆನ್ನಾಗಿ ಮಾಡಿದ ದಾರಿಯಿದೆ. ಉಸಿರು ಸಾಲಲ್ಲ, ಕಾಲು ಸೋಲುತ್ತದೆ, ಅದೆಲ್ಲ ನಿಜ. ಆದರೆ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಹತ್ತಬಹುದು. ಪಶ್ಚಿಮಕ್ಕೆ ಹೋದರೆ ರೆಡ್ ರಾಕ್ ಕ್ಯಾನ್ಯನ್. ಅದರ ಅಂಚಿನ ಕ್ಯಾಲಿಕೊ ಬೇಸಿನ್ ಹತ್ತಿರ ಇರುವ ಕ್ರಾಫ್ಟ್ ಮೌಂಟನ್, ಚಾರ್ಲ್ಸ್‌ಟನ್‌ನ ಅರ್ಧದಷ್ಟೂ ಎತ್ತರವಿಲ್ಲ. ಆದರೆ ಕ್ರಾಫ್ಟ್ ಹತ್ತಿ, ಅದರ ಹಿಂದಿನ ಬಂಡೆಗುಡ್ಡಗಳನ್ನೂ ದಾಟಿ, ಗೇಟ್‌ವೇ ಕ್ಯಾನ್ಯನ್ ಕಡೆಯಿಂದ ಸುತ್ತಿಕೊಂಡು ಬರೋಕೆ ಹೊರಟರೆ ಕೈ ಜೇಬಿನಲ್ಲಿ ಉಳಿಯಲ್ಲ. ಕೈ ಅಷ್ಟೇ ಅಲ್ಲ, ಮೊಣಕೈ, ಮಂಡಿ, ಕೆಲವು ಕಡೆ ಪ್ಯಾಂಟಿನ ಹಿಂಭಾಗ ಕೂಡ ಕೆಲಸಕ್ಕೆ ಬರುತ್ತದೆ.

ಇದನ್ನೇ ಸ್ಕ್ರ್ಯಾಂಬ್ಲಿಂಗ್ ಅನ್ನೋದು. ಅಮೆರಿಕದಲ್ಲಿ ದಾರಿಗಳನ್ನು ಐದು ಕ್ಲಾಸ್ ಆಗಿ ಹೇಳುತ್ತಾರೆ. ಒಂದು ಅಂದರೆ ನಡಿಗೆ. ಎರಡರಲ್ಲಿ ಅಲ್ಲಲ್ಲಿ ಕೈ ಊರಬೇಕು. ಮೂರರಲ್ಲಿ ಕೈ ಇಲ್ಲದೆ ಆಗೋದೇ ಇಲ್ಲ, ಆದರೆ ಹಗ್ಗ ಸಾಮಾನ್ಯವಾಗಿ ಬೇಕಾಗಲ್ಲ. ನಾಲ್ಕರಲ್ಲಿ ಬಿದ್ದರೆ ಕಥೆ ಮುಗಿಯಬಹುದು. ಐದು ಪೂರ್ತಿ ಹಗ್ಗದವರ ಲೋಕ. ಈ ಲೆಕ್ಕದಲ್ಲಿ ಎತ್ತರಕ್ಕೆ ಜಾಗವೇ ಇಲ್ಲ, ನೋಡಿ. ಮುನ್ನೂರು ಅಡಿಯ ಗುಡ್ಡ ಕ್ಲಾಸ್ ನಾಲ್ಕು ಆಗಬಹುದು, ಹನ್ನೆರಡು ಸಾವಿರ ಅಡಿಯದು ಕ್ಲಾಸ್ ಒಂದು ಆಗಬಹುದು. ಆದರೂ ನಮ್ಮವರು ಅಡಿ ಕೇಳೋದು ಬಿಡಲ್ಲ.

ಈಗ ಲೂಪ್ ವಿಷಯ, ಅಂದರೆ ಒಂದು ಕಡೆಯಿಂದ ಹತ್ತಿ, ಇನ್ನೊಂದು ಕಡೆಯಿಂದ ಸುತ್ತಿಕೊಂಡು ಹೊರಟ ಜಾಗಕ್ಕೇ ಬರೋದು. ನನ್ನ ತಕರಾರು ಇರೋದೇ ಇಲ್ಲಿ.

ಒಂದೇ ಶಿಖರ ಹತ್ತಿ ಅದೇ ದಾರಿಯಲ್ಲಿ ಇಳಿದರೆ, ಇಳಿಯುವ ಪ್ರತಿ ಹೆಜ್ಜೆಯೂ ಬೆಳಗ್ಗೆ ನೋಡಿದ್ದೇ. ಎಲ್ಲಿ ಬಂಡೆ ಜಾರುತ್ತದೆ, ಎಲ್ಲಿ ಎಡಕ್ಕೆ ಸರಿಯಬೇಕು ಅನ್ನೋದು ಗೊತ್ತಿರುತ್ತದೆ. ಹತ್ತೋಕೆ ಆಗಿದ್ದರೆ ಇಳಿಯೋಕೂ ಹೆಚ್ಚುಕಮ್ಮಿ ಆಗುತ್ತದೆ. ನಾಲ್ಕೈದು ಶಿಖರ ಸುತ್ತುವ ಲೂಪಿನಲ್ಲಿ ಹಾಗಲ್ಲ. ಪ್ರತಿ ಇಳಿತವೂ ಹೊಸದು. ಮೇಲಿಂದ ನೋಡಿದರೆ ಮುಂದಿನ ಹತ್ತು ಅಡಿ ಕಾಣುತ್ತದೆ, ಆಮೇಲೆ ಬಂಡೆ ಬಾಗಿ ಕಣ್ಮರೆಯಾಗುತ್ತದೆ. ಅದರಾಚೆ ಐದು ಅಡಿಯ ಮೆಟ್ಟಿಲಿದೆಯೋ ಐವತ್ತು ಅಡಿಯ ಗೋಡೆಯಿದೆಯೋ ಅಲ್ಲಿಗೆ ಹೋಗದೆ ತಿಳಿಯಲ್ಲ. ಇನ್ನೊಂದು ಕಷ್ಟ: ಅರ್ಧ ದಾಟಿದ ಮೇಲೆ ವಾಪಸ್ ಹೋಗೋದೇ ಜಾಸ್ತಿ ದೂರ ಅನ್ನಿಸೋಕೆ ಶುರುವಾಗುತ್ತದೆ. "ಇಷ್ಟು ದೂರ ಬಂದಿದ್ದೀವಿ, ಇನ್ನೊಂದೇ ಗುಡ್ಡ" ಅನ್ನುವ ಮಾತು ಗುಂಪಿನಲ್ಲಿ ಯಾರದಾದರೂ ಬಾಯಿಂದ ಬಂದೇ ಬರುತ್ತದೆ. ಹೆಚ್ಚಾಗಿ ಅದು ನೀರಿನ ಬಾಟಲಿ ಖಾಲಿಯಾದವರ ಬಾಯಿಂದ!

ಹಾಗಾಗಿ ಲೂಪ್ ಮಾಡುವವರು ಮನೆಯಲ್ಲೇ ತೀರ್ಮಾನ ಮಾಡಬೇಕಾದ್ದು ಒಂದಿದೆ: ಪ್ರದಕ್ಷಿಣೆಯೋ ಅಪ್ರದಕ್ಷಿಣೆಯೋ. ಯಾವ ಭಾಗ ಅತಿ ಕಷ್ಟವೋ ಅದನ್ನು ಹತ್ತುವ ಹಾಗೆ ಇಟ್ಟುಕೊಳ್ಳಬೇಕು, ಇಳಿಯುವ ಹಾಗಲ್ಲ. ಹತ್ತುವಾಗ ಹಿಡಿಯಬೇಕಾದ ಕಲ್ಲು ಕಣ್ಣ ಮುಂದೆಯೇ ಇರುತ್ತದೆ. ಆಗಲಿಲ್ಲ ಅಂದರೆ ಅಲ್ಲಿಂದಲೇ ವಾಪಸ್. ಇಳಿಯುವಾಗ ಕಾಲು ಕುರುಡು, ಹೊಟ್ಟೆ ಬಂಡೆಗೆ ಅಂಟಿರುತ್ತದೆ, ಪಾದ ಗಾಳಿಯಲ್ಲಿ ಅಂಚು ಹುಡುಕುತ್ತಿರುತ್ತದೆ. ಅದೂ ಸಂಜೆ, ಸುಸ್ತಾದ ಕಾಲಲ್ಲಿ.

ಎರಡನೆಯದು ಬೆಟ್ಟದ ಆಕಾರಕ್ಕೆ ಸಂಬಂಧಿಸಿದ್ದು. ಏಣು ಅಂದರೆ ಬೆಟ್ಟದ ಬೆನ್ನಿನ ಉದ್ದನೆಯ ದಿಣ್ಣೆ. ಅದರ ಮೇಲೆ ಹತ್ತುತ್ತಾ ಹೋದರೆ ಅಕ್ಕಪಕ್ಕದ ಏಣುಗಳೆಲ್ಲ ಬಂದು ಸೇರಿಕೊಳ್ಳುತ್ತವೆ, ಕೊನೆಗೆ ಒಂದೇ ತುದಿ. ದಾರಿ ತಪ್ಪೋದು ಕಷ್ಟ. ಅದೇ ಏಣಿನಲ್ಲಿ ಇಳಿದರೆ ಪ್ರತಿ ನೂರು ಹೆಜ್ಜೆಗೊಂದು ಕವಲು. ಒಂದು ತಪ್ಪು ಕವಲು ಹಿಡಿದರೆ ಬೇರೆಯೇ ಕಣಿವೆಗೆ ಹೋಗಿ ಇಳಿಯುತ್ತೀರಿ. ಕಣಿವೆಯದು ಇದಕ್ಕೆ ಉಲ್ಟಾ. ಇಳಿಯುವಾಗ ಹಳ್ಳಗಳೆಲ್ಲ ಒಂದಾಗುತ್ತವೆ, ದಾರಿ ಸುಲಭ ಅನ್ನಿಸುತ್ತದೆ. ಆದರೆ ಮರುಭೂಮಿಯ ಹಳ್ಳದಲ್ಲಿ ಒಣ ಜಲಪಾತಗಳಿರುತ್ತವೆ. ನೀರು ಬಿದ್ದು ಬಿದ್ದು ನುಣುಪಾದ ಗೋಡೆ, ಹಿಡಿಯೋಕೆ ಏನೂ ಇರಲ್ಲ. ಮೇಲಿನದನ್ನು ಜಾರಿ ಇಳಿದುಬಿಟ್ಟು ಕೆಳಗಿನದನ್ನು ಇಳಿಯಲಾಗದೆ ಹೋದರೆ ಅತ್ತ ದರಿ ಇತ್ತ ಪುಲಿ. ಹಾಗಾಗಿ ಗೊತ್ತಿಲ್ಲದ ಹಳ್ಳವನ್ನು ಕೆಳಗಿನಿಂದ ಹತ್ತಿ ನೋಡದೆ ಇಳಿಯೋದು ನನಗೆ ಒಪ್ಪಿಗೆಯಿಲ್ಲ. ಜಾರಿ ಇಳಿಯುವ ಮೊದಲು ನನ್ನದೊಂದೇ ಪ್ರಶ್ನೆ: ಇದನ್ನು ವಾಪಸ್ ಹತ್ತೋಕೆ ಆಗುತ್ತಾ?

ಇದರಿಂದಲೇ ನನಗೆ ಶಿಖರಕ್ಕಿಂತ ಎರಡು ಶಿಖರಗಳ ನಡುವಿನ ತಗ್ಗು, ಅಂದರೆ ಸ್ಯಾಡಲ್, ಜಾಸ್ತಿ ಮುಖ್ಯ. ಶಿಖರದಲ್ಲಿ ಮಾಡೋಕೆ ಏನಿದೆ? ಸೆಲ್ಫಿ, ಖರ್ಜೂರ, ಬೀಸುವ ಗಾಳಿ. ನಿಜವಾದ ತೀರ್ಮಾನಗಳೆಲ್ಲ ಸ್ಯಾಡಲ್‌ನಲ್ಲೇ. ಅಲ್ಲಿ ನಿಂತರೆ ಮುಂದಿನ ಗುಡ್ಡದ ಮುಖ ಪೂರ್ತಿ ಎದುರಿಗಿರುತ್ತದೆ, ಈಗಷ್ಟೇ ಇಳಿದ ಗುಡ್ಡ ಬೆನ್ನಿಗಿರುತ್ತದೆ, ಎಡಕ್ಕೂ ಬಲಕ್ಕೂ ಒಂದೊಂದು ಹಳ್ಳ ಕೆಳಗೆ ಹೋಗುತ್ತದೆ. ಎಷ್ಟು ನೀರಿದೆ, ಎಷ್ಟು ಬೆಳಕಿದೆ, ಯಾರ ಮಂಡಿ ನೋಯುತ್ತಿದೆ ಅಂತ ಕೇಳಬೇಕಾದ ಜಾಗ ಅದು. ತುದಿಯಲ್ಲಿ ಕೇಳಿದರೆ ಎಲ್ಲರೂ ಖುಷಿಯಲ್ಲಿ "ಆರಾಮ್" ಅಂತಲೇ ಹೇಳುತ್ತಾರೆ. ಹೊರಡುವ ಮುಂಚೆ ಮ್ಯಾಪಿನಲ್ಲಿ ಪ್ರತಿ ಸ್ಯಾಡಲ್‌ನಿಂದ ಕೆಳಗೆ ತಪ್ಪಿಸಿಕೊಳ್ಳುವ ದಾರಿ ಇದೆಯಾ ಅಂತ ನೋಡಿಕೊಳ್ಳಿ. ಎಲ್ಲ ಸ್ಯಾಡಲ್‌ಗೂ ಇರಲ್ಲ. ಇಲ್ಲದ ಸ್ಯಾಡಲ್ ಯಾವುದು ಅನ್ನೋದು ತಿಳಿದಿರಬೇಕು, ಅಷ್ಟೇ.

ಇನ್ನು ಕಲ್ಲಿನ ಬಗ್ಗೆ. ರೆಡ್ ರಾಕ್‌ನಲ್ಲಿ ಇದು ಸ್ವಾರಸ್ಯದ ವಿಷಯ. ಕೆಂಪು ಕಲ್ಲು ಅಂದರೆ ಆಜ್ಟೆಕ್ ಮರಳುಗಲ್ಲು. ಸುಮಾರು 18 ಕೋಟಿ ವರ್ಷ ಹಿಂದೆ ಇಲ್ಲಿ ಮರಳಿನ ದಿಬ್ಬಗಳಿದ್ದವು, ಅವೇ ಗಟ್ಟಿಯಾಗಿ ಕಲ್ಲಾಗಿವೆ. ಬಂಡೆಯ ಹತ್ತಿರ ಮುಖ ತಂದು ನೋಡಿದರೆ ಓರೆಯಾದ ಗೆರೆಗಳು ಕಾಣುತ್ತವೆ. ಆಗಿನ ಗಾಳಿ ಮರಳನ್ನು ಪದರ ಪದರವಾಗಿ ಸುರಿದ ಗುರುತು ಅದು. ಕೆಲವು ಕಡೆ ಆ ಗೆರೆಗಳು ಬೆರಳಗಲ ಉಬ್ಬಿಕೊಂಡಿರುತ್ತವೆ, ಶೂ ತುದಿ ಇಡೋಕೆ ಸರಿಯಾಗಿ ಸಾಲುತ್ತದೆ. ಇದರ ಮೇಲೆ ಬೂದು ಬಣ್ಣದ ಸುಣ್ಣಕಲ್ಲು ಕೂತಿದೆ. ಅದರ ವಯಸ್ಸು ಸುಮಾರು 50 ಕೋಟಿ ವರ್ಷ. ಹಳೆಯದು ಮೇಲೆ, ಹೊಸದು ಕೆಳಗೆ! ಸುಮಾರು 6.5 ಕೋಟಿ ವರ್ಷ ಹಿಂದೆ ಭೂಮಿಯ ಪದರಗಳು ಒತ್ತಿಕೊಂಡು, ಹಳೆಯ ಪದರ ಹೊಸದರ ಮೇಲೆ ಹತ್ತಿ ಕೂತಿತು. ಕೀಸ್ಟೋನ್ ಥ್ರಸ್ಟ್ ಅನ್ನೋದು ಇದಕ್ಕೇ. ದೂರದಿಂದ ನೋಡಿದರೆ ಕೆಂಪಿನ ಮೇಲೆ ಬೂದು ಬಣ್ಣದ ಗೆರೆ ಎಳೆದ ಹಾಗೆ ಕಾಣುತ್ತದೆ.

ಬೆಟ್ಟ ಹತ್ತುವವರಿಗೆ ಇದು ಬರೀ ಪಾಠದ ವಿಷಯ ಅಲ್ಲ. ಎರಡು ಕಲ್ಲು, ಎರಡು ಸ್ವಭಾವ. ಮರಳುಗಲ್ಲಿನ ಮೇಲೆ ಶೂ ಚೆನ್ನಾಗಿ ಹಿಡಿಯುತ್ತದೆ. ನೋಡೋಕೆ ಭಯವಾಗುವ ಓರೆ ಬಂಡೆಯಲ್ಲೂ ಪೂರ್ತಿ ಪಾದ ಊರಿ, ಬೆನ್ನು ನೆಟ್ಟಗಿಟ್ಟು ನಡೆಯಬಹುದು. ಆದರೆ ಬಿಸ್ಕತ್ತಿನಷ್ಟು ತೆಳು ಅಂಚನ್ನು ನಂಬಿ ತೂಗಿದರೆ ಅದು ಕೈಗೇ ಬಂದುಬಿಡುತ್ತದೆ. ಸುಣ್ಣಕಲ್ಲು ಚೂಪು, ಕೈ ಜಾರಿದರೆ ಅಂಗೈ ಕೊಯ್ದು ರಕ್ತ ಬರುತ್ತದೆ. ಅದರ ಚೂರುಗಳೆಲ್ಲ ಇಳಿಜಾರಿನಲ್ಲಿ ಸಡಿಲವಾಗಿ ಬಿದ್ದಿರುತ್ತವೆ, ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹತ್ತಿದರೆ ಮುಂದಿನವರ ಕಾಲ ಕಲ್ಲು ಹಿಂದಿನವರ ತಲೆಗೆ.

ಮಳೆ ಬಂದ ಮೇಲೆ ಮರಳುಗಲ್ಲಿನ ಕಡೆ ಹೋಗಲೇಬೇಡಿ. ಮೇಲ್ಮೈ ಒಣಗಿದ ಹಾಗೆ ಕಂಡರೂ ಒಳಗೆ ತೇವ ಉಳಿದಿರುತ್ತದೆ, ಆಗ ಕಲ್ಲಿನ ಬಲವೇ ಕಡಿಮೆಯಾಗುತ್ತದೆ. ಒದ್ದೆ ಕಲ್ಲನ್ನು ಹಿಡಿದರೆ ಮುರಿಯುತ್ತದೆ. ನೀವು ಬೀಳುವ ಅಪಾಯ ಒಂದು. ಕೋಟ್ಯಂತರ ವರ್ಷದ ಬಂಡೆಯ ಅಂಚು ನಿಮ್ಮ ಕೈಯಿಂದ ಹೋಯಿತು ಅನ್ನೋದು ಇನ್ನೊಂದು. ಅಲ್ಲಿ ಹತ್ತುವವರು ಒಂದರಿಂದ ಮೂರು ದಿನ ಕಾಯುತ್ತಾರೆ. "ನಾಳೆ ನನ್ನ ಫ್ಲೈಟಿದೆ" ಅನ್ನೋದು ಕಲ್ಲಿಗೆ ಗೊತ್ತಾಗಲ್ಲ.

ಗಿಡಗಳದ್ದು ಬೇರೆಯೇ ಕಥೆ. ಬಂಡೆಯಿಂದ ಕೈ ಎತ್ತಿ ಇನ್ನೊಂದು ಕಡೆ ಇಡುವಾಗ ಅಲ್ಲೊಂದು ಕಳ್ಳಿ ಕೂತಿರುತ್ತದೆ. ಚೋಯಾ ಅಂತ ಒಂದು ಜಾತಿ ಇದೆ. ನೋಡೋಕೆ ಮೃದುವಾದ ಹಳದಿ ರೋಮದ ಹಾಗೆ. ಸ್ವಲ್ಪ ತಾಗಿದರೂ ಒಂದು ತುಂಡು ಗಿಡದಿಂದ ಕಳಚಿಕೊಂಡು ಮೀನಖಂಡಕ್ಕೆ ಅಂಟಿಕೊಳ್ಳುತ್ತದೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖ ಕೊಕ್ಕೆಗಳಿರುವುದರಿಂದ ಕೈಯಿಂದ ಕೀಳೋಕೆ ಹೋದರೆ ಕಾಲಿನದು ಕೈಗೂ ಬರುತ್ತದೆ. ಒಂದು ಸಾಮಾನ್ಯ ತಲೆ ಬಾಚುವ ಹಣಿಗೆ ಇಟ್ಟುಕೊಳ್ಳಿ. ಮುಳ್ಳಿನ ಉಂಡೆಗೂ ಚರ್ಮಕ್ಕೂ ನಡುವೆ ಹಲ್ಲು ತೂರಿಸಿ, ಎದುರಿಗೆ ಯಾರೂ ಇಲ್ಲ ಅಂತ ನೋಡಿಕೊಂಡು, ಒಂದೇ ಏಟಿಗೆ ಚಿಮ್ಮಿಸಿಬಿಡಬೇಕು. ಸಾವಿರಾರು ರೂಪಾಯಿಯ ಗ್ಯಾಜೆಟ್‌ಗಳಿಗಿಂತ ಆ ಹಣಿಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಅಲ್ಲಿ ಬಿಗ್‌ಹಾರ್ನ್ ಕುರಿಗಳಿವೆ. ಸುರುಳಿ ಕೊಂಬಿನವು, ನೋಡೋಕೆ ಬಹಳ ಚೆಂದ. ಅವುಗಳ ಜಾಡು ಮಾತ್ರ ಮೋಸ. ಮಣ್ಣಿನಲ್ಲಿ ನೀಟಾಗಿ ಸವೆದ ದಾರಿ ಕಾಣುತ್ತದೆ, ಖುಷಿಯಿಂದ ಹಿಂದೆ ಹೋದರೆ ಬಂಡೆಯ ಅಂಚಿನಲ್ಲಿ ಮುಗಿದುಹೋಗುತ್ತದೆ. ಕುರಿ ಅಲ್ಲಿಂದ ಹಾರುತ್ತದೆ, ನಾವು ಹಾರೋಕಾಗಲ್ಲ ಅಲ್ವಾ. ಕಲ್ಲು ಜೋಡಿಸಿದ ಗುಪ್ಪೆಗಳನ್ನೂ ಪೂರ್ತಿ ನಂಬಬೇಡಿ. ಕೆಲವು ನಿಜವಾದ ದಾರಿಗುರುತು. ಕೆಲವು ಯಾರೋ ಸುಮ್ನೆ ಫೋಟೊಗೆ ಕಟ್ಟಿ ಬಿಟ್ಟು ಹೋದವು.

ನೀರಿನ ಲೆಕ್ಕ ಎಲ್ಲರಿಗೂ ಗೊತ್ತಿರೋದೇ: ದಿನಕ್ಕೆ ಒಬ್ಬರಿಗೆ ನಾಲ್ಕು ಲೀಟರ್, ದಾರಿಯಲ್ಲಿ ಎಲ್ಲೂ ಸಿಗಲ್ಲ. ಗಾಳಿ ಎಷ್ಟು ಒಣ ಅಂದರೆ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಬೆವರೇ ಇಲ್ಲ ಅಂದುಕೊಂಡು ಕುಡಿಯೋದು ಮರೆಯುತ್ತಾರೆ. ಉಪ್ಪಿನ ತಿಂಡಿಯೂ ಇರಲಿ. ಬೇಸಿಗೆಯಲ್ಲಿ ಆ ಕಡೆ ತಲೆ ಹಾಕಬೇಡಿ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ, ಆದರೆ ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಎಷ್ಟೋ ಜನ ಕಿಲೋಮೀಟರ್ ನೋಡಿ ಸಮಯ ಲೆಕ್ಕ ಹಾಕುತ್ತಾರೆ. ಬಂಡೆ ಹತ್ತುವ ಜಾಗದಲ್ಲಿ ಒಂದು ಕಿಲೋಮೀಟರಿಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಒಣ ಗಾಳಿಯಲ್ಲಿ ದೂರದ ಬೆಟ್ಟ ಇನ್ನೂ ಹತ್ತಿರ, ಇನ್ನೂ ನುಣ್ಣಗೆ ಕಾಣುತ್ತದೆ ಬೇರೆ.

ಮನೆಯವರಿಗೆ ಹೇಳಿ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಲೂಪ್ ಮಾಡುವವರು ಯಾವ ದಿಕ್ಕಿನಿಂದ ಸುತ್ತುತ್ತೀರಿ ಅನ್ನೋದನ್ನೂ ಬರೆದಿಡಿ. ಸಂಜೆ ಬರಲಿಲ್ಲ ಅಂದರೆ ಹುಡುಕುವವರು ಯಾವ ತುದಿಯಿಂದ ಶುರು ಮಾಡಬೇಕು ಅಂತ ಅದರಿಂದಲೇ ತಿಳಿಯೋದು. ಏಣಿನ ಮೇಲೆ ನಿಂತರೆ ವೇಗಸ್‌ನ ಹೋಟೆಲ್ ಗೋಪುರಗಳು ಕಾಣುತ್ತವೆ, ಫೋನೂ ಸಿಗುತ್ತದೆ. ಪಕ್ಕದ ಕಣಿವೆಗೆ ಇಳಿದರೆ ಸಿಗ್ನಲ್ ಮಾಯ.

ಆ ಕಡೆಯ ಹಲವು ಮರುಭೂಮಿ ಶಿಖರಗಳ ತುದಿಯಲ್ಲಿ ಹತ್ತುವವರು ಒಂದು ಹಸಿರು ಕಬ್ಬಿಣದ ಡಬ್ಬಿ ಇಟ್ಟಿರುತ್ತಾರೆ, ಸೇನೆಯಲ್ಲಿ ಗುಂಡು ತುಂಬಿಡೋಕೆ ಬಳಸುವಂಥದ್ದು. ಒಳಗೆ ನೋಟ್‌ಬುಕ್, ಮೊಂಡಾದ ಪೆನ್ಸಿಲ್. ಬಂದವರು ಹೆಸರು, ತಾರೀಖು ಬರೆಯುತ್ತಾರೆ. ಎತ್ತರ ಯಾರೂ ಬರೆಯಲ್ಲ. ಗಾಳಿ, ಹಿಮ, ಯಾವ ಕಡೆಯಿಂದ ಬಂದೆವು, ಯಾವ ಕಡೆ ಇಳಿಯುತ್ತೇವೆ, ಇಂಥದ್ದೇ. ಬಂದ ದಿಕ್ಕು ಬರೆದವರ ಸಾಲುಗಳನ್ನು ಓದಿ ಮುಂದಿನ ಇಳಿತದ ಬಗ್ಗೆ ಮನಸ್ಸು ಬದಲಾಯಿಸಿದವರು ಇದ್ದಾರೆ.

ಕೊನೆಯದಾಗಿ, ಜಿಪಿಎಕ್ಸ್ ಫೈಲ್ (ನಡೆದ ದಾರಿಯನ್ನು ಫೋನಿನ ಮ್ಯಾಪಿನಲ್ಲಿ ಗೆರೆಯಾಗಿ ತೋರಿಸುವ ಫೈಲ್) ಕಳಿಸಿ ಅಂತ ಇನ್‌ಬಾಕ್ಸಿಗೆ ಬರುವವರಿಗೆ. ಕಳಿಸಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಎತ್ತರದ ಗೋಡೆಗಳ ನಡುವೆ ಫೋನಿನ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸೋದು ಸಾಮಾನ್ಯ. ರಸ್ತೆಯಲ್ಲಾದರೆ ಪರವಾಗಿಲ್ಲ, ಬಂಡೆಯ ಮೇಲೆ ಅದು ಸರಿಯಾದ ಬಿರುಕಿಗೂ ತಪ್ಪು ಬಿರುಕಿಗೂ ಇರುವ ಅಂತರ. ಎಲ್ಲಿಂದ ಶುರು, ಯಾವ ದಿಕ್ಕು, ಯಾವ ಸ್ಯಾಡಲ್‌ನಿಂದ ಕೆಳಗಿಳಿಯಬಹುದು, ಯಾವುದರಿಂದ ಆಗಲ್ಲ, ಇಷ್ಟನ್ನು ಫೋನ್ ಮಾಡಿ ಕೇಳಿ, ಮ್ಯಾಪ್ ಮುಂದಿಟ್ಟುಕೊಂಡು ಎಷ್ಟು ಹೊತ್ತಾದರೂ ಮಾತಾಡೋಣ. ಈ ವಾರ ಹೊರಟಿರುವವರು ಮೊದಲು ಅಲ್ಲಿ ಮಳೆ ಬಂದಿದೆಯಾ ನೋಡಿ.