ಒಂದು ಮತ್ತಿ ಮರ, ಎರಡು ತರದ ಅಪ್ಪುಗೆ

ನಮ್ಮ ಊರಿನ ಬೆಟ್ಟದಲ್ಲಿ ಒಂದು ಮತ್ತಿ ಮರ ಇದೆ. ಶಿರಸಿ ಕಡೆಯವರಿಗೆ ಬೆಟ್ಟ ಅಂದರೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬಿಟ್ಟ ಕಾಡು ಅದು. ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು. ಜಾಗ ಸರ್ಕಾರದ್ದು, ಸೊಪ್ಪು ನಮ್ಮದು.

ದೊಡ್ಡಪ್ಪ ಆ ಮರದ ಹತ್ತಿರ ಹೋದರೆ ಮೊದಲು ತಲೆ ಎತ್ತಿ ನೋಡುತ್ತಿದ್ದರು. ಈ ವರ್ಷ ಎಷ್ಟು ಹೊರೆ ಸೊಪ್ಪಾದೀತು ಅಂತ. ಒಮ್ಮೆ ನಾಟಾ ವ್ಯಾಪಾರ ಮಾಡುತ್ತಿದ್ದ ನೆಂಟರೊಬ್ಬರು ಬಂದಿದ್ದರು. ಅವರು ಮೇಲೆ ನೋಡಲೇ ಇಲ್ಲ. ಸೀದಾ ಹೋಗಿ ಎರಡೂ ಕೈ ಚಾಚಿ ಬುಡವನ್ನು ಅಪ್ಪಿಕೊಂಡರು. ಸುತ್ತಳತೆ ಅಂದಾಜಿಗೆ! ದೂರದಿಂದ ನೋಡಿದವರು ಎಷ್ಟು ಪ್ರೀತಿ ಅಂದುಕೊಳ್ಳಬೇಕು.

ನಮ್ಮ ಕಡೆ ಅಪ್ಪಿಕೊಳ್ಳುವುದಕ್ಕೆ ಇನ್ನೊಂದು ಅರ್ಥವೂ ಇದೆಯಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿ ಸುತ್ತಿನ ಜನ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಬೇಕಿದ್ದ ಮರಗಳನ್ನು ಅಪ್ಪಿ ನಿಂತರು. ಪರಿಸರ ಹೋರಾಟಗಾರ ಪಾಂಡುರಂಗ ಹೆಗಡೆಯವರ ಜೊತೆ ಬೆಳೆದ ಅಪ್ಪಿಕೋ ಚಳವಳಿ ಅದು. ಅಂದಿನ ಅರಣ್ಯ ಇಲಾಖೆಯ ಲೆಕ್ಕದಲ್ಲಿ ಕಾಡು ಅಂದರೆ ಆದಾಯ. ಬಗೆಬಗೆಯ ಮರಗಳ ಕಾಡು ಕಡಿದು ಸಾಲಾಗಿ ತೇಗ ನೆಟ್ಟರೆ ಅದು ಅಭಿವೃದ್ಧಿ. ತೋಟದವರಿಗೆ ಅದೇ ಕಾಡು ಸೊಪ್ಪು, ನೀರು, ಜೇನು. ಆಮೇಲೆ 1988ರ ಅರಣ್ಯ ನೀತಿ ಬಂದು, ಆದಾಯಕ್ಕಿಂತ ಪರಿಸರದ ಸಮತೋಲನವೇ ಮುಖ್ಯ ಅಂತ ಸರ್ಕಾರವೇ ಬರೆದುಕೊಂಡಿತು.

ಅಪ್ಪಿಕೋದ ಘೋಷಣೆ ಮೂರು ಪದದ್ದು. ಉಳಿಸು, ಬೆಳೆಸು, ಬಳಸು. ಬೆಂಗಳೂರಿನ ನನ್ನ ಪರಿಸರಪ್ರೇಮಿ ಗೆಳೆಯರಿಗೆ ಮೊದಲೆರಡು ಬಾಯಿಪಾಠ. ಮೂರನೆಯದು ಹೇಳಿದರೆ ಮುಖ ಹುಳ್ಳಗೆ ಮಾಡುತ್ತಾರೆ. ಅವರಿಗೆ ಕಾಡು ಅಂದರೆ ಮನುಷ್ಯ ಇಲ್ಲದ ಜಾಗ. ವಾರಾಂತ್ಯಕ್ಕೆ ಅವರು ಹೋದಾಗ ಬಿಟ್ಟು, ಅನ್ನಿ.

ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿ ವಿಷಯದಲ್ಲೂ ಆಗಿದ್ದು ಇದೇ ಅಂತ ನನಗನ್ನಿಸುತ್ತದೆ. 2013ರ ಆ ವರದಿ ಕರ್ನಾಟಕದ 20,668 ಚದರ ಕಿಲೋಮೀಟರ್ ಜಾಗವನ್ನು ಪರಿಸರ ಸೂಕ್ಷ್ಮ ಅಂತ ಗುರುತಿಸಿತು. ಮರ ಅಪ್ಪಿದ ಸೀಮೆಯಲ್ಲೇ ಅದಕ್ಕೆ ವಿರೋಧ ಬಂತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟವೂ ಬೇಡ ಅಂದಿತು. "ಎಂಥಾ ಜನ ಇವರು, ಅವತ್ತು ಮರ ಬೇಕು, ಇವತ್ತು ಬೇಡ" ಅಂತ ಫೇಸ್‌ಬುಕ್ಕಿನಲ್ಲಿ ಬೈದಿದ್ದನ್ನು ನೋಡಿದ್ದೇನೆ. ಗಣಿ, ದೊಡ್ಡ ಕಟ್ಟಡ, ಕೆಂಪು ಪಟ್ಟಿಯ (ಅಂದರೆ ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆಗೆ ತಡೆ ಅಂತ ವರದಿಯಲ್ಲಿತ್ತು. ಊರಲ್ಲಿ ಕೇಳಿಸಿದ್ದು ಮಾತ್ರ "ಇನ್ನು ಬೆಟ್ಟಕ್ಕೆ ಕಾಲಿಡೋ ಹಾಗಿಲ್ಲ" ಅಂತ. ವರದಿ ಬೇಕಿತ್ತು ಅನ್ನುವವನು ನಾನು. ಆದರೂ ಆ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಹಾಗಂತ ಬಳಸುವವರೆಲ್ಲ ಕಾಯುವವರೂ ಅಲ್ಲ. ಆ ಮತ್ತಿ ಮರವನ್ನೇ ನೋಡಿ. ಸೊಪ್ಪಿಗೆ ಅಂತ ಸವರಿ ಸವರಿ ಈಗ ಕಂಬದ ಹಾಗೆ ನಿಂತಿದೆ, ತುದಿಯಲ್ಲಿ ಒಂದು ಹಿಡಿ ಹಸಿರು. ಅದರ ಕೆಳಗೆ ಒಂದು ಸಸಿಯೂ ಎದ್ದಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಚೌಡಿ ಅಮ್ಮನ ಜಾಗ ಇದೆ. ಒಂದು ಕಲ್ಲು, ಕುಂಕುಮ, ಮೇಲೆ ದೊಡ್ಡ ಹೊನ್ನೆ ಮರ. ಅದರ ಒಂದು ಕಡ್ಡಿಯನ್ನೂ ಯಾರೂ ಮುರಿದವರಲ್ಲ. ದೇವರ ಭಯ ಕಾಡು ಉಳಿಸಿತು ಅಂತ ನಾನೂ ಭಾಷಣ ಬಿಗಿಯುತ್ತಿದ್ದೆ. ಹೋದ ವರ್ಷ ಹೋಗಿ ನೋಡಿದರೆ ಬುಡದ ಸುತ್ತ ಸಿಮೆಂಟು ಕಟ್ಟೆ, ಅದರ ಮೇಲೆ ಬಿಳಿ ಟೈಲ್ಸು. ಬೇರಿಗೆ ನೀರಿಳಿಯಲು ಒಂದು ಬೆರಳಗಲ ಮಣ್ಣೂ ಬಿಟ್ಟಿಲ್ಲ. ಕೇಳಿದೆ. "ಅಮ್ಮನಿಗೆ ಕೆಸರಾಗ್ತಿತ್ತು ಮಾರಾಯ" ಅಂದರು. ಭಕ್ತಿಯಲ್ಲಿ ಕಿಂಚಿತ್ತೂ ಮೋಸ ಇಲ್ಲ. ಮರದ ಎಲೆ ಮಾತ್ರ ಹಳದಿ ತಿರುಗಿದೆ.

ನನ್ನದೇನು ಕಮ್ಮಿ? ಬೆಂಗಳೂರಿನ ಮರ ಉಳಿಸಿ ಅಂತ ಕಂಡ ಕಂಡ ಅರ್ಜಿಗೆ ಸಹಿ ಹಾಕಿದ್ದೇನೆ. ಕುಮಟಾ–ಶಿರಸಿ ರಸ್ತೆ ಅಗಲ ಮಾಡಲು ದೇವಿಮನೆ ಘಾಟಿಯಲ್ಲಿ ಮರ ಕಡಿದಾಗ ಇಲ್ಲೇ ಉದ್ದಕ್ಕೆ ಬರೆದಿದ್ದೆ. ಮೊನ್ನೆ ಅದೇ ದಾರಿಯಲ್ಲಿ ಕಾರಿನಲ್ಲಿ ಬಂದೆ. ಮನೆ ಮುಟ್ಟಿ ಚಪ್ಪಲಿ ಬಿಡುತ್ತಾ ನನ್ನ ಬಾಯಲ್ಲಿ ಬಂದ ಮೊದಲ ಮಾತು, "ಈ ಸಲ ಎಷ್ಟು ಬೇಗ ಬಂದೆ ಅಲ್ವಾ!"